ಅಕ್ಕಿಯ ಸೀಮೆ, ಜೋಳದ ಸೀಮೆ

ಹುಬ್ಬಳ್ಳಿಯಲ್ಲಿ ರೈಲು ಹತ್ತಿ ಬೆಂಗಳೂರಿಗೆ ಹೊರಟವರು ಕುಂದಗೋಳ, ಯಲವಿಗಿ, ಹಾವೇರಿ, ಬ್ಯಾಡಗಿ, ರಾಣೆಬೆನ್ನೂರುಗಳನ್ನು ಕಿಟಕಿಯಿಂದಲೇ ಕಂಡು ಹರಿಹರವನ್ನು ಸೇರುತ್ತಾರೆ. ಹಳಿಯ ಪಡುವಣ ಮಗ್ಗುಲಲ್ಲಿ, ಕಣ್ಣಿಗೆ ಬೀಳದಷ್ಟೇ ದೂರದಲ್ಲಿ, ನಾಲ್ಕು ಪಟ್ಟಣಗಳು ಉಳಿದುಬಿಡುತ್ತವೆ. ಶಿಗ್ಗಾಂವಿ, ಸವಣೂರು, ಹಾನಗಲ್ಲು, ಹಿರೇಕೆರೂರು. ರೈಲು ಈ ನಾಲ್ಕರಲ್ಲಿ ಒಂದರ ಬಾಗಿಲಿಗೂ ಬರಲಿಲ್ಲ. ಆದುದರಿಂದಲೇ ಇರಬೇಕು, ಕನಕದಾಸರನ್ನು ಬಲ್ಲವರಿಗೆ ಬಾಡ ಎಲ್ಲಿದೆಯೆಂದು ತಿಳಿಯದು. ಶರೀಫ ಸಾಹೇಬರ ಪದಗಳನ್ನು ಗುನುಗುವವರಿಗೆ ಶಿಶುನಾಳಕ್ಕೆ ಯಾವ ದಾರಿಯೆಂಬುದು ತಿಳಿಯದು. ೧೯೯೭ರ ವರೆಗೆ ಧಾರವಾಡ ಜಿಲ್ಲೆಗೆ ಸೇರಿದ್ದು, ಆ ವರ್ಷದಿಂದ ಹಾವೇರಿ ಜಿಲ್ಲೆಯ ಭಾಗವಾಗಿರುವ ಈ ಭೂಭಾಗಕ್ಕೆ ಭೂಪಟದಲ್ಲಿ ಪ್ರತ್ಯೇಕವಾದ ಹೆಸರೊಂದಿಲ್ಲ. ಜನರು ಮಾತ್ರ ಅದನ್ನು ಒಂದು ಮಾತಿನಲ್ಲಿ ಗುರುತಿಸುತ್ತಾರೆ: ಅರೆಮಲೆನಾಡು.

ಆ 'ಅರೆ' ಎಂಬ ಮಾತಿನಲ್ಲಿಯೇ ಈ ಸೀಮೆಯ ಚರಿತ್ರೆಯೆಲ್ಲ ಅಡಗಿದೆಯೆಂದರೆ ಅತಿಶಯೋಕ್ತಿಯಾಗಲಾರದು. ಹಾನಗಲ್ಲಿನಿಂದ ಪಡುವಣಕ್ಕೆ ನಡೆದರೆ ಮುಂಡಗೋಡದ ಕಾಡು ಎದುರಾಗುತ್ತದೆ. ಮೂಡಣಕ್ಕೆ ನಡೆದರೆ ಸವಣೂರಿನ ಎರೆಯ ಹೊಲಗಳು ತೆರೆದುಕೊಳ್ಳುತ್ತವೆ. ಸಹ್ಯಾದ್ರಿಯನ್ನು ದಾಟಿ ಬರುವ ಮುಂಗಾರಿನ ಮೋಡ ಇಲ್ಲಿಗೆ ಬರುವ ಹೊತ್ತಿಗೆ ಅರ್ಧ ಬರಿದಾಗಿರುತ್ತದೆ. ಮೈಲಿ ಮೈಲಿಗೂ ಮಳೆ ಕಡಿಮೆಯಾಗುತ್ತ ಹೋಗುತ್ತದೆ. ಹಾನಗಲ್ಲಿನ ಕಡೆ ಭತ್ತದ ಗದ್ದೆ, ಸವಣೂರಿನ ಕಡೆ ಜೋಳ ಹತ್ತಿಗಳ ಹೊಲ. ಒಂದು ಮನೆಯಲ್ಲಿ ಅನ್ನ, ಒಂದೇ ದಿನದ ಗಾಡಿಯ ಹಾದಿಯಲ್ಲಿರುವ ಬೀಗರ ಮನೆಯಲ್ಲಿ ರೊಟ್ಟಿ. ಕನ್ನಡ ನಾಡಿನಲ್ಲಿ ಅಕ್ಕಿಯ ಸೀಮೆ ಮುಗಿದು ಜೋಳದ ಸೀಮೆ ಮೊದಲಾಗುವ ಹೊಲಿಗೆಯನ್ನು ಕಣ್ಣಾರೆ ಕಾಣಬೇಕೆನ್ನುವವರು ಇಲ್ಲಿಗೆ ಬರಬೇಕು.

ಇಂಥ ಹೊಲಿಗೆಯ ನಾಡಿಗೆ ಎರಡು ಗುಣಗಳು ಬರುತ್ತವೆ. ಮಳೆಯನ್ನು ನಂಬಿ ಕೂಡುವಂತಿಲ್ಲವಾದ್ದರಿಂದ ಬಂದ ನೀರನ್ನು ಹಿಡಿದಿಡುವ ಜಾಣ್ಮೆ ಬೇಕಾಗುತ್ತದೆ. ಎರಡು ಸೀಮೆಗಳ ನಡುವಣ ಹೆಬ್ಬಾಗಿಲಾದ್ದರಿಂದ ಅದನ್ನು ಹಿಡಿಯಲು ಎರಡೂ ಕಡೆಯ ಅರಸರಿಗೆ ಆಸೆಯಾಗುತ್ತದೆ. ಮೊದಲನೆಯದರಿಂದ ಇಲ್ಲಿ ಕೆರೆಗಳಾದವು, ಎರಡನೆಯದರಿಂದ ಕೋಟೆಗಳಾದವು. ಶಾಲೆಯ ಪುಸ್ತಕಗಳು ಕೋಟೆಗಳ ಕಥೆಯನ್ನು ಹೇಳಿದಷ್ಟು ಕೆರೆಗಳ ಕಥೆಯನ್ನು ಹೇಳುವುದಿಲ್ಲ.

ಸಾಗರದ ಇಕ್ಕೇರಿಯ ಸಮೀಪದಲ್ಲಿ ಹುಟ್ಟಿದ ವರದಾ ನದಿ ಬನವಾಸಿಯನ್ನು ಬಳಸಿಕೊಂಡು ಈ ಸೀಮೆಯನ್ನು ಪ್ರವೇಶಿಸುತ್ತದೆ. ಮೆಡಿಟರೇನಿಯನ್ ಸಮುದ್ರದ ತೀರದ ಅಲೆಕ್ಸಾಂಡ್ರಿಯಾ ನಗರದಲ್ಲಿ ಕುಳಿತು ಎರಡನೆಯ ಶತಮಾನದಲ್ಲಿ ಭೂಗೋಳವನ್ನು ಬರೆದ ಟಾಲೆಮಿ ಬನವಾಸಿಯ ಹೆಸರನ್ನು ಬಲ್ಲವನಾಗಿದ್ದನು. ಸಾವಿರಾರು ಮೈಲಿ ದೂರದ ಕಡಲ ದಂಡೆಯವನಿಗೆ ವರದೆಯ ದಂಡೆಯ ಊರೊಂದು ತಿಳಿದಿತ್ತು. ಆತನ ಕಿವಿಗೆ ಆ ಹೆಸರನ್ನು ಮುಟ್ಟಿಸಿದವರು ಘಟ್ಟವನ್ನು ಹತ್ತಿ ಇಳಿದ ವರ್ತಕರೇ ಸರಿ. ಆ ಘಟ್ಟದ ಹಾದಿಗಳು ಮುಂದೆಯೂ ಮುಚ್ಚಲಿಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಧಾರವಾಡ ಜಿಲ್ಲೆಯ ಹತ್ತಿ ಎತ್ತಿನ ಗಾಡಿಗಳಲ್ಲಿ ಕುಮಟೆಯ ಬಂದರಕ್ಕೆ ಇಳಿಯುತ್ತಿತ್ತು; ಹಿಂದಿರುಗುವ ಗಾಡಿಗಳಲ್ಲಿ ಉಪ್ಪು ಏರಿ ಬರುತ್ತಿತ್ತು.

ಬನವಾಸಿ ನಾಡಿನ ಮಗ್ಗುಲಲ್ಲಿದ್ದ ಪ್ರಾಂತಕ್ಕೆ ಶಾಸನಗಳಲ್ಲಿ 'ಪಾನುಂಗಲ್ ಐನೂರು' ಎಂಬ ಹೆಸರು. ಆ ಪಾನುಂಗಲ್ಲೇ ಇಂದಿನ ಹಾನಗಲ್ಲು. ಊರಿನವರು ಇದನ್ನು ಮಹಾಭಾರತದ ವಿರಾಟನಗರವೆಂದು ನಂಬಿದ್ದಾರೆ. ಮಣ್ಣಿನ ದಿಬ್ಬವೊಂದಕ್ಕೆ ಕುಂತಿಯ ದಿಬ್ಬವೆಂಬ ಹೆಸರೂ ಉಂಟು. ಅಜ್ಞಾತವಾಸಕ್ಕೆ ತಕ್ಕ ಸ್ಥಳವೆಂದು ಕನ್ನಡಿಗರು ತೋರಿಸುವ ಊರುಗಳು ಒಂದೆರಡಲ್ಲವಾದುದರಿಂದ ಈ ವಾದಕ್ಕೆ ಇಳಿಯದಿರುವುದು ಮೇಲು. ಆದರೆ ಕದಂಬರ ಒಂದು ಶಾಖೆ ಇಲ್ಲಿ ಆಳಿದುದು ನಿಸ್ಸಂದೇಹ. ತಾರಕೇಶ್ವರ ದೇವಾಲಯದ ಮಂಟಪದಲ್ಲಿ ನಿಂತು ತಲೆಯೆತ್ತಿ ನೋಡಿದವರಿಗೆ, ಕಲ್ಲಿನ ಛತ್ತಿನಿಂದ ತಲೆಕೆಳಗಾಗಿ ಅರಳಿ ಇಳಿದ ತಾವರೆ ಕಾಣಿಸುತ್ತದೆ. ಕತ್ತು ನೋಯುವ ವರೆಗೂ ನೋಡುವಂಥದು ಅದು.

೧೧೯೬ರಲ್ಲಿ ಹೊಯ್ಸಳ ಇಮ್ಮಡಿ ಬಲ್ಲಾಳನು ದಂಡೆತ್ತಿ ಬಂದು ಹಾನಗಲ್ಲಿಗೆ ಮುತ್ತಿಗೆ ಹಾಕಿದನು. ಆತನು ಪಾಳೆಯ ಬಿಟ್ಟದ್ದು ಆನೆಕೆರೆಯ ಬಳಿಯಲ್ಲಿ. ಆನೆ ಕುದುರೆಗಳ ಸೈನ್ಯಕ್ಕೆ ಬೇಕಾದುದು ಮೊದಲು ನೀರು. ನೀರಿದ್ದಲ್ಲಿ ಕುಳಿತವನಿಗೆ ಕೋಟೆಯೊಳಗಿನವರನ್ನು ಕಾಯಿಸುವುದು ಸುಲಭ. ಕದಂಬ ಕಾಮದೇವನ ದಂಡನಾಯಕ ಸೋಹಣಿ ಎಂಬವನು ಹೊರಬಂದು ಕಾದಿದನು. ಹೊಯ್ಸಳರು ಹಿಮ್ಮೆಟ್ಟಿದರು, ಸೋಹಣಿ ಮಾತ್ರ ಕಾಳಗದಲ್ಲಿ ಮಡಿದನು. ಹಾನಗಲ್ಲಿನ ವೀರಗಲ್ಲುಗಳಲ್ಲಿ ಇಂಥ ಕಾಳಗಗಳ ಚಿತ್ರಗಳನ್ನು ಇಂದಿಗೂ ನೋಡಬಹುದು: ನುಗ್ಗುವ ಆನೆಗಳು, ಬಾಗಿದ ಬಿಲ್ಲುಗಳು, ಮೇಲಣ ಅಂಕಣದಲ್ಲಿ ಸತ್ತವನನ್ನು ಎತ್ತಿಕೊಂಡು ಹೋಗುವ ಅಪ್ಸರೆಯರು. ಆ ಗೆಲುವು ಬಹುಕಾಲ ಬಾಳಲಿಲ್ಲ. ಮುಂದೆ ಹೊಯ್ಸಳರ ಕೈಯೇ ಮೇಲಾಯಿತು. ಹೊಯ್ಸಳರೂ ಹೋದರು. ಆನೆಕೆರೆ ಉಳಿಯಿತು. ಜನರ ಬಾಯಲ್ಲಿ 'ಆನಿಕೆರಿ'ಯಾಗಿರುವ ಅದರ ನೀರು ಹಾನಗಲ್ಲು ಪಟ್ಟಣದ ಕೊಡಗಳನ್ನು ತುಂಬುತ್ತ ಬಂದಿದೆ.

ಈ ತಾಲೂಕಿನ ಕೆರೆಗಳು ಬರಿಯ ಮಳೆಯನ್ನು ನಂಬಿದವಲ್ಲ. ವರದೆಯನ್ನು ಸೇರುವ ಧರ್ಮಾ ನದಿಗೆ ಹಿಂದಿನವರು ಒಡ್ಡು ಹಾಕಿ, ಅಲ್ಲಿಂದ ಕಾಲುವೆಯನ್ನು ತೆಗೆದು, ಕೆರೆಯಿಂದ ಕೆರೆಗೆ ನೀರು ಹಾಯುವಂತೆ ಮಾಡಿದ್ದರು. ಮೇಲಿನ ಕೆರೆ ತುಂಬಿ ಕೋಡಿ ಬಿದ್ದರೆ ಕೆಳಗಿನ ಕೆರೆಗೆ ನೀರು. ಕೆಳಗಿನವನು ಮೇಲಿನವನ ಹಂಗಿನಲ್ಲಿರಬೇಕು. ಮೇಲಿನವನು ಕಾಲುವೆಯ ಹೂಳು ತೆಗೆಯದಿದ್ದರೆ ಕೆಳಗಿನವನ ಮಕ್ಕಳಿಗೆ ಅನ್ನವಿಲ್ಲ. ಹತ್ತಾರು ಊರಿನ ಗೌಡರು ಪ್ರತಿ ವರ್ಷವೂ ಒಂದು ಮಾತಿಗೆ ಬಾರದೆ ನಡೆಯುವ ವ್ಯವಸ್ಥೆ ಇದಲ್ಲ. ಕೋಟೆಯನ್ನು ಕಟ್ಟುವುದಕ್ಕೆ ಒಬ್ಬ ಅರಸನ ಅಪ್ಪಣೆ ಸಾಕು.

ಹಾನಗಲ್ಲಿನಿಂದ ಬಡಗಣ ದಿಕ್ಕಿಗೆ, ಶಿಗ್ಗಾಂವಿ ತಾಲೂಕಿನಲ್ಲಿ ಬಂಕಾಪುರವಿದೆ. ಆಂಗ್ಲರ ಕಾಲದಲ್ಲಿ ತಾಲೂಕಿಗೆ ಬಂಕಾಪುರದ ಹೆಸರು, ಕಚೇರಿ ಮಾತ್ರ ಶಿಗ್ಗಾಂವಿಯಲ್ಲಿ. ಹಾಗೆಯೇ ಹಿರೇಕೆರೂರಿನಲ್ಲಿ ಕಚೇರಿಯಿದ್ದ ತಾಲೂಕಿಗೆ ಕೋಡ ಎಂಬ ಗ್ರಾಮದ ಹೆಸರು. ಒಂದು ಊರಿಗೆ ಹೆಸರು, ಇನ್ನೊಂದಕ್ಕೆ ಅಧಿಕಾರ ಎಂಬ ಈ ಹಂಚಿಕೆಯಿಂದ ಎರಡೂ ಊರಿನವರಿಗೆ ಸಮಾಧಾನವಾಗಿತ್ತೇನೋ.

ಬಂಕಾಪುರ ತನ್ನ ಹೆಸರನ್ನು ಪಡೆದದ್ದು ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ದಂಡನಾಯಕ ಬಂಕೆಯನಿಂದ. ಆತನ ಮಗ ಲೋಕಾದಿತ್ಯನು ಇಲ್ಲಿ ಆಳುತ್ತಿದ್ದಾಗ, ೮೯೮ರಲ್ಲಿ, ಗುಣಭದ್ರಾಚಾರ್ಯರ ಉತ್ತರಪುರಾಣಕ್ಕೆ ಈ ಊರಿನಲ್ಲಿ ಪೂಜೆ ನಡೆಯಿತು. ಗ್ರಂಥವೊಂದಕ್ಕೆ ಊರು ಕೂಡಿ ಪೂಜೆ ಸಲ್ಲಿಸಿದ ಕಾಲ ಅದು! ಗಂಗರ ಇಮ್ಮಡಿ ಮಾರಸಿಂಹನು ಯುದ್ಧಗಳಲ್ಲಿ ಬಾಳನ್ನು ಸವೆಸಿ, ಕೊನೆಗೆ ರಾಜ್ಯವನ್ನು ತೊರೆದು, ಇಲ್ಲಿಯೇ ಅಜಿತಸೇನಾಚಾರ್ಯರ ಸನ್ನಿಧಿಯಲ್ಲಿ ಸಲ್ಲೇಖನ ವ್ರತವನ್ನು ಕೈಕೊಂಡು ದೇಹವನ್ನು ಬಿಟ್ಟನು. ಆ ಅಜಿತಸೇನರೇ ಶ್ರವಣಬೆಳ್ಗೊಳದ ಗೊಮ್ಮಟನನ್ನು ನಿಲ್ಲಿಸಿದ ಚಾವುಂಡರಾಯನಿಗೂ ಗುರುಗಳು. ಚಾಲುಕ್ಯರ ಕಾಲದ ನಗರೇಶ್ವರ ದೇವಾಲಯವನ್ನು ಜನರು ಅರವತ್ತು ಕಂಬದ ಗುಡಿಯೆಂದು ಕರೆಯುತ್ತಾರೆ. ಹದಿನಾರನೆಯ ಶತಮಾನದಲ್ಲಿ, ಬಹುದಿನದ ಮುತ್ತಿಗೆಯ ನಂತರ, ಬಿಜಾಪುರದ ಅಲಿ ಆದಿಲಶಾಹನು ಕೋಟೆಯನ್ನು ಗೆದ್ದನು. ಈಗ ಆ ಕೋಟೆ ನವಿಲುಗಳ ವಶದಲ್ಲಿದೆ. ಕಂದಕದ ಮುಳ್ಳುಕಂಟಿಗಳಲ್ಲಿ ಅವು ತಾವಾಗಿಯೇ ಬೆಳೆದು ಹೆಚ್ಚಿ, ೨೦೦೬ರಲ್ಲಿ ಸರಕಾರದಿಂದ ನವಿಲುಧಾಮವೆಂಬ ಮನ್ನಣೆಯನ್ನು ಪಡೆದವು. ಇಷ್ಟು ಒಡೆಯರನ್ನು ಕಂಡ ಕೋಟೆಯಲ್ಲಿ ಯಾರ ರಕ್ತವನ್ನೂ ಹರಿಸದೆ ನೆಲೆಯೂರಿದವು ಇವೊಂದೇ.

ಇದೇ ಬಂಕಾಪುರದ ಸೀಮೆಯ ಬಾಡದಲ್ಲಿ ಕನಕದಾಸರು ಹುಟ್ಟಿದರು. ತಂದೆ ಬೀರಪ್ಪನು ನಾಯಕನಾಗಿದ್ದನೆಂದು ಸಂಪ್ರದಾಯ ಹೇಳುತ್ತದೆ. ಕನಕರ ಕೃತಿಗಳಲ್ಲಿ 'ರಾಮಧಾನ್ಯಚರಿತ್ರೆ' ಚಿಕ್ಕದು. ಬತ್ತಕ್ಕೂ ರಾಗಿಗೂ ಜಗಳ ಹುಟ್ಟುತ್ತದೆ. ತಾನು ದೇವರ ನೈವೇದ್ಯಕ್ಕೆ, ಬ್ರಾಹ್ಮಣರ ಎಲೆಗೆ ಸಲ್ಲುವವನೆಂದು ಬತ್ತದ ಹೆಮ್ಮೆ. ಮಳೆಯಿಲ್ಲದ ಕಾಲದಲ್ಲಿ ಬಡವರನ್ನು ಕಾಯುವವನು ತಾನೆಂದು ರಾಗಿಯ ಛಲ. ಶ್ರೀರಾಮನು ಎರಡನ್ನೂ ಆರು ತಿಂಗಳು ಸೆರೆಯಲ್ಲಿರಿಸುತ್ತಾನೆ. ಬತ್ತ ಸೊರಗುತ್ತದೆ, ರಾಗಿ ಕಳೆಗುಂದದೆ ಹೊರಬಂದು ರಾಘವನ ಹೆಸರನ್ನೇ ಪಡೆಯುತ್ತದೆ. ಮೇಲು ಕೀಳುಗಳ ಮೇಲೆ ಕನಕರು ಬೀಸಿದ ಚಾಟಿಯೆಂದು ವಿದ್ವಾಂಸರು ಇದನ್ನು ವಿವರಿಸುತ್ತಾರೆ, ಅದು ಸರಿಯೇ. ಆದರೆ ಬಾಡದಲ್ಲಿ ನಿಂತು ನೋಡಿದವರಿಗೆ ಇನ್ನೊಂದು ಮಾತೂ ಹೊಳೆಯದಿರದು. ಒಂದು ಕಡೆ ಅನ್ನದ ಊರು, ಒಂದು ಕಡೆ ಒಣಧಾನ್ಯದ ಊರು. ಉಣ್ಣುವುದನ್ನು ನೋಡಿ ಮನುಷ್ಯನ ಬೆಲೆ ಕಟ್ಟುವುದನ್ನು ಕನಕರು ಪುರಾಣದಲ್ಲಿ ಓದಿ ತಿಳಿಯಬೇಕಾಗಿರಲಿಲ್ಲ. ಬಾಲ್ಯದಲ್ಲಿಯೇ ಕಂಡಿರಬೇಕು.

ಸವಣೂರಿನ ಕಥೆ ಬೇರೆಯೇ ಬಗೆಯದು. ಬಿಜಾಪುರದ ಆದಿಲಶಾಹಿಗಳ ಸೇವೆಯಲ್ಲಿದ್ದ ಪಠಾಣ ವಂಶವೊಂದು, ೧೬೮೬ರಲ್ಲಿ ಬಿಜಾಪುರ ಔರಂಗಜೇಬನ ಕೈಸೇರಿದ ಮೇಲೆ ಮೊಗಲರಿಂದ ಈ ಸೀಮೆಯ ಜಹಗೀರನ್ನು ಪಡೆಯಿತು. ಬಂಕಾಪುರದಿಂದ ನವಾಬರ ಬಿಡಾರ ಸವಣೂರಿಗೆ ಬಂದಿತು. ಮುಂದಿನ ನೂರು ವರ್ಷ ಈ ನವಾಬರಿಗೆ ಒಂದು ರಾತ್ರಿಯ ನೆಮ್ಮದಿಯ ನಿದ್ರೆ ದೊರೆತಿತೋ ಇಲ್ಲವೋ. ೧೭೫೬ರಲ್ಲಿ ಪೇಶವೆ ಬಾಳಾಜಿ ಬಾಜೀರಾಯನೂ ನಿಜಾಮ ಸಲಾಬತಜಂಗನೂ ಕೂಡಿ ಸವಣೂರಿಗೆ ಮುತ್ತಿಗೆ ಹಾಕಿದರು. ನಿಜಾಮನೊಂದಿಗೆ ಫ್ರೆಂಚ್ ಸೇನಾನಿ ಬುಸ್ಸಿಯ ಫಿರಂಗಿಗಳೂ ಬಂದಿದ್ದವು. ೧೭೬೪ರಲ್ಲಿ ಹೈದರ್ ಅಲಿ ಬಂದನು; ಆತನನ್ನು ಪೇಶವೆ ಮಾಧವರಾಯನು ರಟ್ಟೀಹಳ್ಳಿಯಲ್ಲಿ ಸೋಲಿಸಿ ಆನವಟ್ಟಿಯ ಕಾಡಿಗೆ ಅಟ್ಟಿದನು. ಹೈದರ್ ಮತ್ತೆ ಬಂದನು. ಈ ಸಲ ನವಾಬ ಅಬ್ದುಲ್ ಹಕೀಮಖಾನನು ಜಾಣತನದಿಂದ ಬೀಗತನವನ್ನು ಬೆಳೆಸಿದನು: ೧೭೭೯ರಲ್ಲಿ ನವಾಬನ ಮಗಳು ಹೈದರನ ಮಗನಿಗೆ, ಹೈದರನ ಮಗಳು ನವಾಬನ ಮಗನಿಗೆ. ಕೊಟ್ಟು ತಂದ ಈ ಸಂಬಂಧವೂ ರಾಜ್ಯವನ್ನು ಉಳಿಸಲಿಲ್ಲ. ೧೭೮೬ರಲ್ಲಿ ಟಿಪ್ಪು ಸುಲ್ತಾನನು ಮರಾಠರನ್ನೂ ನಿಜಾಮನನ್ನೂ ಎದುರಿಸುತ್ತ ಸವಣೂರನ್ನು ಹಿಡಿದಾಗ, ಸ್ವಂತ ಬೀಗನಾದ ನವಾಬನು ಮರಾಠರ ಪಾಳೆಯವನ್ನು ಸೇರಿದ್ದನು. ಕೊನೆಗೆ ಇಪ್ಪತ್ತೈದು ಗ್ರಾಮಗಳ ಒಂದು ಪುಟ್ಟ ಸಂಸ್ಥಾನವು ಆಂಗ್ಲರ ನೆರಳಿನಲ್ಲಿ ಉಳಿದು, ೧೯೪೮ರ ಮಾರ್ಚಿಯಲ್ಲಿ ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು.

ಇಷ್ಟೆಲ್ಲ ಗದ್ದಲದ ನಡುವೆ ಸವಣೂರಿನ ತೋಟಿಗರು ಏನು ಮಾಡುತ್ತಿದ್ದರು? ವೀಳ್ಯದೆಲೆಯ ಬಳ್ಳಿಗೆ ನೀರು ಕಟ್ಟುತ್ತಿದ್ದರು. ಸವಣೂರಿನ ಎಲೆಯ ಹೆಸರನ್ನು ಕೇಳದ ಅಡಿಕೆಪ್ರಿಯರು ಉತ್ತರ ಕರ್ನಾಟಕದಲ್ಲಿ ವಿರಳ. ಚೊಗಚೆ ನುಗ್ಗೆಗಳಂಥ ಮರಗಳಿಗೆ ಹಬ್ಬಿಸಿದ ಬಳ್ಳಿಗೆ ಸದಾ ತಂಪು ಬೇಕು, ನಿಂತ ನೀರು ಕೂಡದು. ಬಯಲಿನ ಬಿಸಿಲಿನಲ್ಲಿ ಮಲೆನಾಡಿನ ನೆರಳನ್ನು ಕೈಯಾರೆ ಕಟ್ಟಿದ ಬೇಸಾಯವಿದು. ಮೋತಿ ತಲಾಬಿನಂಥ ಕೆರೆಯೂ ತೋಟದ ಬಾವಿಗಳೂ ಇರದಿದ್ದರೆ ಸವಣೂರಿನ ಹೆಸರು ಈ ಪರಿ ಜನರ ಬಾಯಿಗೇರುತ್ತಿರಲಿಲ್ಲ.

ಸವಣೂರಿಗೆ ಹೋದವರು ನೋಡದೆ ಬರಬಾರದ ವಸ್ತುಗಳು ಇನ್ನೆರಡುಂಟು. ಒಂದು, ಉತ್ತರಾದಿ ಮಠದ ಶ್ರೀ ಸತ್ಯಬೋಧತೀರ್ಥರ ಬೃಂದಾವನ. ಅವರು ೧೭೮೩ರಲ್ಲಿ, ನವಾಬರ ಕಾಲದಲ್ಲಿಯೇ, ಇಲ್ಲಿ ಬೃಂದಾವನಸ್ಥರಾದರು. ನವಾಬರು ಸ್ವಾಮಿಗಳನ್ನು ಗೌರವಿಸುತ್ತಿದ್ದ ಕಥೆಗಳನ್ನು ಊರಿನ ಹಿರಿಯರು ಹೇಳುತ್ತಾರೆ. ಇನ್ನೊಂದು, ದೊಡ್ಡಹುಣಸೆ ಮಠದ ಆವರಣದ ಮರಗಳು. ಹೆಸರು ಹುಣಸೆಯಾದರೂ ಇವು ಹುಣಸೆಯಲ್ಲ. ಆಫ್ರಿಕ ಖಂಡದ ಬಾವೊಬಾಬ್. ಹತ್ತಾರು ಜನ ಕೈ ಕೈ ಹಿಡಿದರೂ ತಬ್ಬಲಾಗದ ಬೊಡ್ಡೆ. ಕಡಲಿನ ವ್ಯಾಪಾರದವರ ಕೈಯಿಂದ ಬೀಜವಾಗಿ ಬಂದು ಘಟ್ಟವನ್ನೇರಿದ ಮರಗಳಿವು ಎಂಬುದು ಸಾಮಾನ್ಯವಾದ ಊಹೆ. ಇದ್ದ ಮೂರರಲ್ಲಿ ಒಂದು ೨೦೨೪ರ ಮಳೆಗಾಲದಲ್ಲಿ ಬುಡಮೇಲಾಗಿ ಉರುಳಿತು. ಊರಿನವರು ಅದನ್ನು ಕಟ್ಟಿಗೆಯ ಲೆಕ್ಕಕ್ಕೆ ಹಚ್ಚಲಿಲ್ಲ. ಅರಣ್ಯ ಇಲಾಖೆಯವರೂ ಪರಿಸರಪ್ರೇಮಿಗಳೂ ಕೂಡಿ ಅದನ್ನು ಮತ್ತೆ ಎತ್ತಿ ನೆಟ್ಟರು. ಈ ಊರಿನಲ್ಲಿಯೇ ೧೯೦೯ರಲ್ಲಿ ವಿನಾಯಕ ಕೃಷ್ಣ ಗೋಕಾಕರು ಹುಟ್ಟಿದರು. ಕಡಲನ್ನು ಕಾಣದ ಸೀಮೆಯಲ್ಲಿ ಬೆಳೆದು, ಹಡಗಿನಲ್ಲಿ ವಿಲಾಯತಿಗೆ ಹೋಗಿ ಬಂದು, ಕನ್ನಡಕ್ಕೆ 'ಸಮುದ್ರಗೀತೆಗಳು' ಕೊಟ್ಟವರು ಅವರು.

ಶಿಗ್ಗಾಂವಿ ತಾಲೂಕಿನ ಶಿಶುನಾಳದಲ್ಲಿ ೧೮೧೯ರಲ್ಲಿ ಹುಟ್ಟಿದ ಶರೀಫ ಸಾಹೇಬರು ಕೆಲಕಾಲ ಶಾಲಾಮಾಸ್ತರರಾಗಿದ್ದು, ಕಳಸದ ಗೋವಿಂದಭಟ್ಟರನ್ನು ಗುರುವಾಗಿ ಪಡೆದರು. ಬ್ರಾಹ್ಮಣ ಗುರು, ಮುಸಲ್ಮಾನ ಶಿಷ್ಯ. ಎರಡೂ ಕಡೆಯವರು ಗೊಣಗಿದರು. ಇಬ್ಬರೂ ಲೆಕ್ಕಿಸಲಿಲ್ಲ. ಅವರ ಪದಗಳಲ್ಲಿ ಹೊಲ, ಮನೆ, ಮಳೆ, ಬೀಸುವ ಕಲ್ಲುಗಳಿಂದಲೇ ವೇದಾಂತ ಹುಟ್ಟುತ್ತದೆ. ೧೮೮೯ರಲ್ಲಿ ತೀರಿಕೊಂಡ ಅವರನ್ನು ನಗರದವರಿಗೆ ಮುಟ್ಟಿಸಿದ್ದು ಬಹುಮಟ್ಟಿಗೆ ಸಿ. ಅಶ್ವತ್ಥರ ಕಂಠ.

ಆದರೆ ಈ ಸೀಮೆ ಎಂದೂ ಸಾಮರಸ್ಯದ ತವರಾಗಿತ್ತೆಂದು ಹೇಳಿದರೆ ಸುಳ್ಳಾದೀತು. ಹಿರೇಕೆರೂರು ತಾಲೂಕಿನ ಅಬ್ಬಲೂರಿಗೆ ಹೋದರೆ ಅದಕ್ಕೆ ಕಲ್ಲಿನ ಸಾಕ್ಷಿ ದೊರೆಯುತ್ತದೆ. ಹನ್ನೆರಡನೆಯ ಶತಮಾನದಲ್ಲಿ ಆಳಂದದಿಂದ ಬಂದ ಏಕಾಂತದ ರಾಮಯ್ಯನು ಜೈನರೊಡನೆ ವಾದಕ್ಕೆ ನಿಂತು, ತನ್ನ ತಲೆಯನ್ನು ತಾನೇ ಕಡಿದು ಶಿವನಿಗೊಪ್ಪಿಸಿ, ಏಳು ದಿನಗಳ ಮೇಲೆ ಮರಳಿ ಪಡೆದನೆಂದು ಅಲ್ಲಿಯ ಶಾಸನ ಹೇಳುತ್ತದೆ. ಬಿಜ್ಜಳನು ಆತನಿಗೆ ಜಯಪತ್ರವನ್ನಿತ್ತನಂತೆ. ಹಾನಗಲ್ಲಿನ ಕದಂಬ ಕಾಮದೇವನು, ಸೋಹಣಿಯ ಒಡೆಯನು, ಈ ಪ್ರಸಂಗವನ್ನು ಕೇಳಿ ಮುಂಡಗೋಡದ ಬಳಿಯ ಗ್ರಾಮವೊಂದನ್ನು ಅಬ್ಬಲೂರಿನ ಗುಡಿಗೆ ದತ್ತಿ ಬಿಟ್ಟನು. ಪವಾಡವನ್ನು ನಂಬುವವರು ನಂಬಲಿ. ಬಂಕಾಪುರದಲ್ಲಿ ಜೈನಗ್ರಂಥಕ್ಕೆ ಪೂಜೆ ಸಂದ ನೆಲಕ್ಕೆ ಕೆಲವೇ ಹರದಾರಿ ದೂರದಲ್ಲಿ ಜೈನರ ಬಸದಿಗಳ ಮೇಲೆ ಕೈಮಾಡಿದ ಕಾಲವೂ ಬಂದಿತೆಂಬುದನ್ನು ಮರೆಯಲಾಗದು. ಸರ್ವಜ್ಞನ ಹುಟ್ಟೂರೂ ಈ ಅಬ್ಬಲೂರೇ ಎನ್ನುತ್ತಾರೆ. ತಂದೆಯ ಊರು ಮಾಸೂರು. ಜಗಳವಾಡಿದವರನ್ನೂ ಜಗಳಕ್ಕೆ ನಕ್ಕವನನ್ನೂ ಒಂದೇ ಊರು ಹೆತ್ತಿತು.

ಹಿರೇಕೆರೂರು ಎಂಬ ಹೆಸರಿನಲ್ಲಿಯೇ ಕೆರೆಯಿದೆ; ಅದೇ ತಾಲೂಕಿನಲ್ಲಿ ಚಿಕ್ಕೇರೂರೂ ಉಂಟು. ಆದರೆ ಈ ಕಡೆಯ ಕೆರೆಗಳಿಗೆಲ್ಲ ಹಿರಿಯಣ್ಣನೆಂದರೆ ಮಾಸೂರಿನ ಬಳಿಯ ಮದಗದ ಕೆರೆ. ಹುಂಚದ ಕಡೆಯಿಂದ ಇಳಿದು ಬರುವ ಕುಮುದ್ವತಿ ನದಿ ಗುಡ್ಡಗಳ ನಡುವಣ ಕಂಡಿಯಲ್ಲಿ ನುಸುಳುವೆಡೆ, ವಿಜಯನಗರದ ಕಾಲದಲ್ಲಿ, ಏರಿಯನ್ನು ಹಾಕಿ ನದಿಯನ್ನೇ ಕಟ್ಟಿದರು. ಆ ಏರಿಯ ಮೇಲೆ ನಿಂತವರಿಗೆ ತಾವು ನಿಂತದ್ದು ಗುಡ್ಡದ ಮೇಲೋ ಮನುಷ್ಯರು ಹೊತ್ತು ಹಾಕಿದ ಮಣ್ಣಿನ ಮೇಲೋ ಎಂಬ ಭ್ರಮೆಯಾಗುತ್ತದೆ. ಯಂತ್ರವಿಲ್ಲದ ಕಾಲದಲ್ಲಿ, ಎತ್ತು ಬುಟ್ಟಿಗಳಿಂದ ಆದ ಕೆಲಸವಿದು. ಕೆರೆ ಮುಂದೆ ಒಡೆಯಿತು. ಹಳೆಯ ವಿಸ್ತಾರದ ಒಂದು ಅಂಶದಲ್ಲಿ ಮಾತ್ರ ಈಗ ನೀರು ನಿಲ್ಲುತ್ತದೆ. ದಂಡೆಯಲ್ಲಿ ಕೆಂಚಮ್ಮನ ಗುಡಿಯಿದೆ. ಜನಪದರು ಹಾಡುವ ಮದಗದ ಕೆರೆಯ ಕೆಂಚಮ್ಮ ಇವಳೇ ಎಂದು ಮಾಸೂರಿನವರು. ಅಲ್ಲ, ನಮ್ಮವಳು ಎಂದು ಕಡೂರಿನ ಮದಗದ ಕೆರೆಯವರು. ಇದು ಇನ್ನೂ ತೀರದ ವ್ಯಾಜ್ಯ. ಕೆರೆಯ ಹಾಡಿಗಾಗಿ ಎರಡು ಸೀಮೆಗಳು ಹೋರಾಡುವುದು ಕೋಟೆಗಾಗಿ ಹೋರಾಡುವುದಕ್ಕಿಂತ ಲೇಸು.

ಇನ್ನು ಕನಕದಾಸರ ತಕರಾರಿಗೆ ಮರಳುವುದಾದರೆ, ಬತ್ತಕ್ಕೂ ಒಣಧಾನ್ಯಕ್ಕೂ ನಡೆದ ಆ ಜಗಳದ ತೀರ್ಪು ಈಚೆಗೆ ಈ ಸೀಮೆಯಲ್ಲಿ ಬೇರೆಯಾಗಿದೆ. ರಾಮನ ಸಭೆಗೆ ಬಂದಿರದ ಮೂರನೆಯವನೊಬ್ಬನು, ಅಮೇರಿಕ ಖಂಡದಿಂದ ಕಡಲು ದಾಟಿ ಬಂದ ಗೋವಿನ ಜೋಳ, ಇಬ್ಬರನ್ನೂ ಬದಿಗೊತ್ತಿ ಹೊಲಗದ್ದೆಗಳನ್ನು ಹಿಡಿದಿದೆ. ಹಾವೇರಿ ಜಿಲ್ಲೆ ಇಂದು ಗೋವಿನ ಜೋಳಕ್ಕೆ ಹೆಸರಾದ ಜಿಲ್ಲೆ. ಹಾನಗಲ್ಲಿನ ಗದ್ದೆಯಲ್ಲಿಯೂ ಅದೇ, ಸವಣೂರಿನ ಎರೆಯಲ್ಲಿಯೂ ಅದೇ. ರೈತನನ್ನು ದೂರುವಂತಿಲ್ಲ. ಬೇಗ ಬರುವ ಬೆಳೆ, ಕೊಳ್ಳುವವರು ಸಿದ್ಧ, ಬತ್ತದಷ್ಟು ನೀರು ಬೇಡ, ಆಳು ಬೇಡ. ಅವನಿಗೂ ಮಕ್ಕಳ ಓದು, ಮಗಳ ಮದುವೆ ಇವೆ.

ಆದರೆ ಗದ್ದೆಯಲ್ಲಿ ನೀರು ನಿಲ್ಲಿಸುವ ಅಗತ್ಯ ಹೋದಲ್ಲಿ ಕೆರೆಯ ತೂಬನ್ನು ನೋಡಲು ಹೋಗುವವರು ಕಡಿಮೆಯಾಗುತ್ತಾರೆ. ಮೇಲಿನ ಊರಿನವನಿಗೆ ಕೆಳಗಿನ ಊರಿನವನ ಮಾತನ್ನು ಕೇಳುವ ಕಾರಣ ಉಳಿಯುವುದಿಲ್ಲ. ಕಾಲುವೆಯಲ್ಲಿ ಹೂಳು ತುಂಬುತ್ತದೆ, ಹೂಳಿನ ಮೇಲೆ ಆಪು ಬೆಳೆಯುತ್ತದೆ, ಆಪಿನ ಅಂಚಿನಲ್ಲಿ ಒಂದೊಂದು ಗೇಣು ಹೊಲ ಮುಂದೆ ಬರುತ್ತದೆ. ಮುಂಡಗೋಡ ತಾಲೂಕಿನ ಮಳಗಿಯ ಬಳಿ ಧರ್ಮಾ ನದಿಗೆ ಕಟ್ಟಿದ ಜಲಾಶಯದಿಂದ ಹಾನಗಲ್ಲಿನ ಕೆರೆಗಳಿಗೆ ಈಗಲೂ ನೀರು ಹರಿದು ಬರುತ್ತದೆ. ಬಂದ ನೀರು ಮೊದಲ ಕೆರೆಯನ್ನು ತುಂಬಿ ಕಡೆಯ ಕೆರೆಯನ್ನು ಮುಟ್ಟುವುದೋ ಇಲ್ಲವೋ ಎಂಬುದನ್ನು ಪ್ರತಿ ಮಳೆಗಾಲದಲ್ಲಿಯೂ ಕಡೆಯ ಊರಿನವರು ಏರಿಯ ಮೇಲೆ ನಿಂತು ನೋಡುತ್ತಾರೆ.